ಡಬ್ಬಾ ರಾಣಿಯ ಕೊನೆಯ ಶನಿವಾರ

ಬೇರೆಯವರು ಕಳೆದುಕೊಂಡದ್ದನ್ನು ಹುಡುಕಿಕೊಡುವುದರಲ್ಲಿ ಬರ್ನಿಸ್ ಪೆಲ್ಕಿಯನ್ನು ಮೀರಿಸುವವರು ನ್ಯೂ ಹ್ಯಾಂಪ್‌ಶೈರಿನ ಆ ಮೂಲೆಯಲ್ಲಿ ಯಾರೂ ಇರಲಿಲ್ಲ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಸೀಟಿನ ಸಂದಿಗೆ ಸೇರಿಕೊಂಡ ಉಣ್ಣೆಯ ಕೈಗವಸು, ಹಲ್ಲಿಗೆ ಹಾಕಿಸಿದ ತಂತಿ, ಒಂದು ಸಲ ಜೀವಂತ ಆಮೆ, ಎಲ್ಲವನ್ನೂ ಹುಡುಕಿ ಅವರವರ ಮನೆ ಬಾಗಿಲಿಗೆ ಮುಟ್ಟಿಸಿದ್ದಾಳೆ. ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಕಿತಾಪತಿಯೆಲ್ಲ ಅವಳಿಗೆ ಕಾಣುತ್ತಿತ್ತು. ಗದ್ದಲ ಮಾಡುವ ಹುಡುಗರನ್ನು ಅವಳು ಗದರುತ್ತಲೇ ಇರಲಿಲ್ಲ. ಸುಮ್ಮನೆ ಕೂತವನ ಜೇಬನ್ನು ತಡಕುತ್ತಿದ್ದಳು. ಕಪ್ಪೆ ಇರುತ್ತಿದ್ದದ್ದು ಅಲ್ಲೇ.

ಅಂಥವಳಿಗೆ ತನ್ನದು ಅಂತ ಒಂದೇ ಒಂದು ವಸ್ತು ಸಿಗಲಿಲ್ಲ ಅಂದರೆ ಅದನ್ನು ಹಣೆಬರಹ ಅನ್ನದೆ ಇನ್ನೇನು ಅನ್ನೋಣ?

ಕೆಲಸದಿಂದ ನಿವೃತ್ತಳಾದ ವರ್ಷ ಬಾಲ್ಯದ ಗೆಳೆಯರಾದ ಆರಿನ್ ಮತ್ತು ಕ್ಲೆಮ್ ಅವಳನ್ನು ತಮ್ಮ ಹುಚ್ಚಿಗೆ ಎಳೆದುಕೊಂಡರು. ಪ್ರತಿ ಶನಿವಾರ, ಉದ್ದ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಮೆಟಲ್ ಡಿಟೆಕ್ಟರ್ ಹಿಡಿದು, ಹೊಲದವರ ಅಪ್ಪಣೆ ಪಡೆದು, ಮಣ್ಣಿನ ಮೇಲೆ ಆಡಿಸುತ್ತಾ ನಡೆಯುವುದು. ಅಡಿಯಲ್ಲಿ ಲೋಹವಿದ್ದರೆ ಯಂತ್ರ ಕೂಗುತ್ತದೆ, ಅಗೆಯಬೇಕು. ಆಸೆಯೆಲ್ಲ ರಾಜನ ಕಾಲದ ವಸ್ತುವಿನ ಮೇಲೆ, ಅಂದರೆ ಈ ನೆಲ ಇನ್ನೂ ಇಂಗ್ಲೆಂಡಿನ ದೊರೆಯ ಕೈಕೆಳಗಿದ್ದಾಗ ಯಾರೋ ಬೀಳಿಸಿಕೊಂಡು ಹೋದದ್ದರ ಮೇಲೆ. ಹಾಗೆ ಮೊದಲ ಸಲ ಸಿಕ್ಕವರು ಕುಳಿಯ ಪಕ್ಕದಲ್ಲೇ ಕುಣಿಯಬೇಕು. ಮಂಡಿನೋವು, ಮಾನ ಮರ್ಯಾದೆ, ಯಾವ ನೆಪವೂ ನಡೆಯದು. ಆರಿನ್ ಕುಣಿದಿದ್ದ, ಕ್ಲೆಮ್ ಕುಣಿದಿದ್ದ. ಬರ್ನಿಸಳಿಗೆ ಏಳು ವರ್ಷದಲ್ಲಿ ಸಿಕ್ಕಿದ್ದು ಬಿಯರ್ ಡಬ್ಬ, ಸಾರ್ಡೀನ್ ಮೀನಿನ ಡಬ್ಬ, ನಶ್ಯದ ಡಬ್ಬ. ಗೆಳೆಯರು ಅವಳಿಗೆ ಡಬ್ಬಾ ರಾಣಿ ಅಂತ ಹೆಸರಿಟ್ಟರು. ಟಿವಿ ಮುಂದಿನ ಕುರ್ಚಿ ಬಿಟ್ಟು ಏಳದ ಗಂಡ ಲೆಸ್ಟರ್, "ಹಿತ್ತಲಲ್ಲೇ ಒಂದು ಡಬ್ಬ ಹೂತಿಡ್ತೀನಿ ಕಣೇ, ಪೆಟ್ರೋಲಾದ್ರೂ ಉಳಿಯುತ್ತೆ" ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಮೊದಮೊದಲು ನಿಜವಾಗಿಯೇ ನಗುತ್ತಿದ್ದಳು.

ಈ ನವೆಂಬರಿನಲ್ಲಿ ನಗು ಮುಗಿಯಿತು. "ಮುಂದಿನ ಶನಿವಾರವೇ ಕೊನೆ. ಏನೂ ಸಿಗ್ಲಿಲ್ಲ ಅಂದ್ರೆ ನನ್ನ ಯಂತ್ರ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ. ಅವತ್ತು ರಾತ್ರಿ ಚರ್ಚಲ್ಲಿ ಊರವರ ಕಾಳಿನ ಊಟ ಇದ್ಯಲ್ಲ, ಅದಕ್ಕೆ ಬಂದಾಗ ತಂದುಕೊಡ್ತೀನಿ ಅಂತ ಪಾದ್ರಿ ಹೆಂಡ್ತಿಗೆ ಮಾತು ಕೊಟ್ಟಾಗಿದೆ" ಅಂದಳು.

ಗೆಳೆಯರಿಬ್ಬರ ಎದೆ ಧಸಕ್ಕೆಂದಿತು. ಅವಳ ಮೇಲಿನ ಪ್ರೀತಿ ಒಂದು ಕಾರಣ, ಇಲ್ಲವೆನ್ನುವುದಿಲ್ಲ. ಇನ್ನೊಂದು ಕಾರಣ, ಅವರಿಬ್ಬರಿಗೂ ಮಾತಿಲ್ಲ. ಕ್ಲೆಮ್ ಆರಿನ್‌ನ ತಂಗಿಯ ಗಂಡ. ಐದು ವರ್ಷದ ಹಿಂದೆ ಕ್ಲೆಮ್‌ನ ಯಂತ್ರ ಕೂಗಿದ ಜಾಗದಲ್ಲಿ, ಅವನು ಗುದ್ದಲಿ ತರಲು ಹೋಗಿ ಬರುವಷ್ಟರಲ್ಲಿ, ಆರಿನ್ ಅಗೆದು ಸ್ಪೇನಿನ ಬೆಳ್ಳಿ ನಾಣ್ಯವೊಂದನ್ನು ಎತ್ತಿಬಿಟ್ಟಿದ್ದ. ಯಾರ ಯಂತ್ರ ಕೂಗಿತೋ ಅವರದೇ ಕುಳಿ, ಅದು ನೇಮ. ಅಂದಿನಿಂದ ಏನು ಹೇಳುವುದಿದ್ದರೂ ಬರ್ನಿಸಳ ಮೂಲಕವೇ. ಅವಳು ಬರದಿದ್ದರೆ ಇವರ ಶನಿವಾರವೂ ಮುಗಿದಂತೆ.

ಆ ಶನಿವಾರ ಬೆಳಿಗ್ಗೆ ಅವಳ ವ್ಯಾನಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಆಚೊಂದು ಈಚೊಂದು ಕಿಟಕಿಗೆ ಅಂಟಿಕೊಂಡು ಕೂತರು.

"ಬರ್ನಿ, ಕಿಟಕಿ ಮುಚ್ಚೋಕೆ ಹೇಳು ಅವನಿಗೆ. ಕಿವಿ ಮರಗಟ್ಟೋಯ್ತು" ಅಂದ ಆರಿನ್.

"ಕಿಟಕಿ ತೆಗ್ದಿರೋದೇ ಅವನ ಕಾಲುಚೀಲದ ವಾಸನೆಗೆ ಅಂತ ನೀನೂ ಹೇಳಮ್ಮ" ಅಂದ ಕ್ಲೆಮ್.

ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ಉಸಿರಿಲ್ಲ. ಬರ್ನಿಸ್ ಕನ್ನಡಿಯಲ್ಲಿ ಒಂದು ಸಲ ನೋಡಿದಳು. ಇಬ್ಬರೂ ದೇವರಂತೆ ಕೂತಿದ್ದರು. ಇದ್ಯಾಕೋ ಸರಿಯಿಲ್ಲ ಅನ್ನಿಸಿತು ಅವಳಿಗೆ.

ಅಪ್ಪಣೆ ಸಿಕ್ಕಿದ್ದು ಊರಾಚೆಯ ಡೈರಿಯವರ ಮುಸುಕಿನ ಜೋಳದ ಹೊಲಕ್ಕೆ. ಕೊಯ್ಲಾಗಿ ಕೂಳೆ ಮಾತ್ರ ಉಳಿದಿತ್ತು. ಹೊಲದಂಚಿನಲ್ಲಿ, ಕಾಡು ಶುರುವಾಗುವಲ್ಲಿ, ಎಂದೋ ಬಿದ್ದುಹೋದ ಮನೆಯ ನೆಲಮಾಳಿಗೆಯ ಕಲ್ಲು, ಅದರ ಪಕ್ಕ ಮುದಿ ಲೈಲಾಕ್ ಹೂವಿನ ಗಿಡ. ಹೊಸ್ತಿಲ ಬಳಿ ಯಾರೋ ನೆಟ್ಟದ್ದು. ಮನೆ ಹೋದರೂ ಗಿಡ ಹೋಗಿಲ್ಲ. ಜಿಂಕೆ ಬೇಟೆಯ ಕಾಲ, ಬೇಟೆಗಾರರ ಗುಂಡು ತಮಗೆ ಬೀಳದಿರಲಿ ಅಂತ ಮೂವರ ತಲೆಯ ಮೇಲೂ ಕಿತ್ತಳೆ ಬಣ್ಣದ ಟೋಪಿ. ಅಷ್ಟು ದೊಡ್ಡ ಹೊಲದಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದು ಕುರುಡನಿಗೂ ಕಾಣುವಂತಿತ್ತು.

ಹಾಗಾಗಿಯೇ, ಆರಿನ್ ಯಂತ್ರವನ್ನು ಬೇಲಿಗೆ ಒರಗಿಸಿ, ಖಾಲಿ ಕೈಯಲ್ಲಿ ಕೂಳೆಯ ನಡುವೆ ಬಗ್ಗಿ ಎದ್ದದ್ದು ಬರ್ನಿಸಳಿಗೆ ಕಂಡಿತು. ಷೂ ಕಟ್ಟಿಕೊಳ್ಳುತ್ತಿರಬೇಕು ಅಂದುಕೊಂಡಳು. ಆರಿನ್‌ನ ಬೂಟಿಗೆ ದಾರವೇ ಇರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

"ಬರ್ನಿ, ಈ ಕಡೆ ಒಂದು ಸುತ್ತು ಹಾಕು. ಮಣ್ಣು ಚೆನ್ನಾಗಿದೆ" ಅಂತ ಕೂಗಿದ.

ಹಾಕಿದಳು. ಯಂತ್ರ ಸಣ್ಣಗೆ, ಸ್ಪಷ್ಟವಾಗಿ ಕೂಗಿತು. ಡಬ್ಬದ ಕೂಗಲ್ಲ ಇದು! ಏಳು ವರ್ಷದಲ್ಲಿ ಅಷ್ಟನ್ನು ಅವಳ ಕಿವಿ ಕಲಿತಿತ್ತು. ಅಲ್ಲೇ ಮಂಡಿಯೂರಿ ಕೂತಳು. ಬೆರಳಿನಷ್ಟು ಅಗೆಯುವುದರೊಳಗೆ ಮಣ್ಣಿನಲ್ಲಿ ಹಿತ್ತಾಳೆಯ ಬಟನ್. ಸಿಪಾಯಿಯ ಕೋಟಿನದು. ಕೈಯಲ್ಲಿ ತಿರುಗಿಸಿದಳು. ಅಂಚಿನಲ್ಲಿ ಒಂದು ಕಚ್ಚು.

ಆ ಕಚ್ಚು ಆರಿನ್‌ನ ಗುದ್ದಲಿಯದು. ಮೂರು ವರ್ಷದ ಹಿಂದೆ ಈ ಬಟನನ್ನು ತೆಗೆಯುವಾಗ ಏಟು ಬಿದ್ದು, ಹೆತ್ತ ಮಗುವಿನ ಮೂಗು ಮುರಿದವನಂತೆ ಅವನು ವಾರವೆಲ್ಲ ಕೊರಗಿದ್ದ. ಊರಲ್ಲಿ ಅದನ್ನು ನೋಡದವರೇ ಇಲ್ಲ, ಹಲ್ಲಿನ ಡಾಕ್ಟರೂ ಸೇರಿದಂತೆ.

ಬರ್ನಿಸಳ ಮುಖ ಬಿಸಿಯಾಯಿತು. ಮಕ್ಕಳಾಟದಲ್ಲಿ ಬೇಕೆಂದೇ ಗೆಲ್ಲಿಸುತ್ತಾರಲ್ಲ, ಹಾಗೆ ತನ್ನನ್ನು ಗೆಲ್ಲಿಸುತ್ತಿದ್ದಾನೆ ಇವನು. ಅವಮಾನವಾಯಿತು. ಆದರೆ ಮೂವತ್ತು ವರ್ಷ ಮಕ್ಕಳನ್ನು ಸಂಭಾಳಿಸಿದವಳು ಅಳುವುದಕ್ಕೆ ಮೊದಲು ಸೇಡು ತೀರಿಸಿಕೊಳ್ಳುತ್ತಾಳೆ.

"ಅಯ್ಯಯ್ಯೋ, ಬಟನ್ ಕಣೋ! ರಾಜನ ಕಾಲದ್ದು!"

"ಹೌದಾ? ಎಲ್ಲಿ, ಎಲ್ಲಿ? ಅಬ್ಬಬ್ಬಾ! ಕುಣಿ ಬರ್ನಿ, ಕುಣಿ!" ಅಂತ ಆರಿನ್ ಓಡಿ ಬಂದ.

"ಕುಣಿಯೋದು ಆಮೇಲೆ. ಮೊದ್ಲು ಇದಕ್ಕೊಂದು ತೂತು ಕೊರೆಸ್ತೀನಿ. ನಮ್ಮನೆ ಬೆಕ್ಕಿನ ಕೊರಳಿಗೆ ಎಷ್ಟು ಚೆನ್ನಾಗಿರುತ್ತೆ, ಅಲ್ವಾ?"

"ತೂ... ತೂತಾ?"

"ನಟ್ಟನಡುವೆ. ಯಾಕೋ, ಮುಖ ಯಾಕೆ ಹಾಗಾಯ್ತು?"

"ಏನಿಲ್ಲ. ಚಳಿ" ಅಂದ ಆರಿನ್. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಸ್ವಲ್ಪ ಹೊತ್ತಿಗೆ ಹೊಲದ ಆ ತುದಿಯಿಂದ ಕ್ಲೆಮ್ ಕೂಗಿದ. "ಬರ್ನಿ, ನನಗ್ಯಾಕೋ ಈ ಜಾಗದ ಮೇಲೆ ಮನಸ್ಸು ಬಂದಿದೆ. ನೀನೇ ನೋಡಮ್ಮ, ನನಗೆ ಸೊಂಟ ನೋವು."

ನೋಡಿದಳು. ಕೂಗಿತು. ಅಗೆದಳು. ದೊರೆಯ ಮುಖವಿರುವ ತಾಮ್ರದ ನಾಣ್ಯ. ಮೇಣ ಸವರಿ ಉಜ್ಜಿದ್ದು ಮಣ್ಣಿನೊಳಗೂ ಮಿರಮಿರ ಮಿಂಚುತ್ತಿತ್ತು. ಮೂಗಿನ ಹತ್ತಿರ ತಂದಳು. ಕ್ಲೆಮ್ ತನ್ನ ನಾಣ್ಯಗಳನ್ನೆಲ್ಲ ಪೆಪ್ಪರ್‌ಮಿಂಟಿನ ಡಬ್ಬಿಯಲ್ಲಿ ಇಡುತ್ತಾನೆ.

"ಕ್ಲೆಮ್, ಆಗಿನ ಕಾಲದ ಜನ ಪೆಪ್ಪರ್‌ಮಿಂಟ್ ತಿಂತಿದ್ರೇನೋ?"

"ತಿಂತಿದ್ರು ಅನ್ನಿಸುತ್ತೆ" ಅಂದ ಕ್ಲೆಮ್ ಆಕಾಶ ನೋಡುತ್ತಾ.

"ಎಷ್ಟು ಮಿಂಚುತ್ತೆ ನೋಡು! ಇವತ್ತು ರಾತ್ರಿ ಚರ್ಚಿನ ಕಾಣಿಕೆ ತಟ್ಟೆಗೆ ಹಾಕ್ಬಿಡ್ತೀನಿ. ದೇವರು ಕೊಟ್ಟದ್ದು ದೇವರಿಗೇ."

ಕ್ಲೆಮ್ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ.

ಹೊರಗೆ ಇಷ್ಟು ಆಟವಾಡಿಸಿದರೂ ಒಳಗೆ ಅವಳಿಗೆ ಸೋತಂತಾಗಿತ್ತು. ಡೋನಟ್ ಪೊಟ್ಟಣ ಮತ್ತು ಕಾಫಿ ಫ್ಲಾಸ್ಕ್ ಎತ್ತಿಕೊಂಡು ಲೈಲಾಕ್ ಗಿಡದ ಪಕ್ಕ ಕಲ್ಲಿನ ಮೇಲೆ ಒಬ್ಬಳೇ ಹೋಗಿ ಕೂತಳು. ಇವರು ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಒಳ್ಳೆಯವರ ಕನಿಕರವನ್ನು ಏನು ಮಾಡುವುದು? ಎಲ್ಲರ ಕೈಗವಸು ಹುಡುಕಿಕೊಟ್ಟೆ, ನನಗೆ ಸಿಗಬೇಕಾದ್ದನ್ನು ಮಾತ್ರ ಗೆಳೆಯರು ಜೇಬಿನಲ್ಲಿ ತಂದು ಹೂಳಬೇಕಾಯಿತಲ್ಲ ಅನ್ನಿಸಿತು. ಕಾಫಿ ಆರಿಹೋಗಿತ್ತು. ಸಾಕು, ಸಂಜೆ ಯಂತ್ರ ಕೊಟ್ಟುಬಿಡುವುದೇ ಸರಿ ಅಂತ ಎದ್ದಳು.

ಯಂತ್ರ ಎತ್ತಿಕೊಂಡಾಗ ಅದಿನ್ನೂ ಚಾಲೂ ಇತ್ತು. ತಟ್ಟೆ ಗಿಡದ ಬುಡದ ಮೇಲೆ ಹಾದದ್ದೇ ತಡ, ಕೂಗಿತು.

ಬರ್ನಿಸಳ ಪಿತ್ತ ನೆತ್ತಿಗೇರಿತು. "ಇನ್ನೂ ಒಂದಾ? ಬನ್ರೋ ಇಲ್ಲಿ, ಇಬ್ರೂ! ನಾನೇನು ನಿಮಗೆ ಹುಚ್ಚಿ ಥರ ಕಾಣ್ತೀನಾ? ನಿನ್ನ ಬಟನ್ ಕಚ್ಚು ನನಗೆ ಗೊತ್ತಿಲ್ವೇನೋ ಆರಿನ್? ನಿನ್ನ ನಾಣ್ಯ ಪೆಪ್ಪರ್‌ಮಿಂಟ್ ನಾರುತ್ತಲ್ಲೋ ಕ್ಲೆಮ್! ಈ ಮೂರನೇದು ಯಾರ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಬ್ಬರೂ ತಲೆ ತಗ್ಗಿಸಿದರು. ಆಮೇಲೆ ಆರಿನ್ ನಿಧಾನವಾಗಿ ಕ್ಲೆಮ್‌ನ ಕಡೆ ತಿರುಗಿದ.

"ನೀನೂ ಹೂತಿದ್ಯಾ?"

"ನೀನೂ?" ಅಂದ ಕ್ಲೆಮ್. "ಆದ್ರೆ ನಾನು ಹೂತಿದ್ದು ಒಂದೇ. ಇದು ನಿಂದೇ."

"ನನ್ನಾಣೆ ನಂದಲ್ಲ. ನನ್ಹತ್ರ ಇದ್ದಿದ್ದೇ ಆ ಬಟನ್."

"ಸುಳ್ಳು. ನಿನಗೆ ಕುಳಿ ಅಂದ್ರೆ ಕೈ ನಿಲ್ಲಲ್ಲ ಅಂತ ಗೊತ್ತಿಲ್ವಾ ನನಗೆ?"

ಐದು ವರ್ಷದ ಮೇಲೆ ಭಾವ ಮೈದುನ ನೇರವಾಗಿ ಜಗಳವಾಡುತ್ತಿದ್ದಾರೆ ಅನ್ನುವುದು ಬರ್ನಿಸಳ ಗಮನಕ್ಕೂ ಬರಲಿಲ್ಲ. ಅವಳು ಸಿಟ್ಟಿನಲ್ಲಿ ಗುದ್ದಲಿ ಬೀಸಿ ಅಗೆಯುತ್ತಿದ್ದಳು. ಒಂದು ಗೇಣು ಹೋಯಿತು. ಇಷ್ಟು ಆಳ ಹೂಳುವಷ್ಟು ಸೊಂಟದ ಶಕ್ತಿ ಇವರಲ್ಲಿ ಯಾರಿಗಿದೆ ಅಂತ ಒಂದು ಅನುಮಾನ ಬಂತು. ಕೈಯಿಂದ ಮಣ್ಣು ಬಗೆದಳು. ಹಸಿರುಗಟ್ಟಿದ ಏನೋ ಒಂದು ತಗುಲಿತು. ಚೌಕಟ್ಟಿನಂಥದ್ದು. ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದರೆ ಲೈಲಾಕ್ ಗಿಡವೇ ಒಂದಿಷ್ಟು ಅಲುಗಿತು.

ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿದಳು. ಬೂಟಿನ ಬಕಲ್. ಹಿತ್ತಾಳೆಯದು, ಅಂಚಿಗೆ ಸಣ್ಣ ಸಣ್ಣ ಹೂ, ರಾಜನ ಕಾಲದವರು ಹಾಕುತ್ತಿದ್ದಂಥದ್ದು. ಆ ಚೌಕಟ್ಟಿನ ಈ ಕಡೆಯಿಂದ ಹೊಕ್ಕು ಆ ಕಡೆಗೆ ಹೋಗಿತ್ತು ಲೈಲಾಕಿನ ಬೇರು, ಹೆಬ್ಬೆರಳು ಗಾತ್ರದ್ದು. ಬಕಲ್ ಇದ್ದಷ್ಟಗಲಕ್ಕೂ ದಪ್ಪವಾಗಿ ಬೆಳೆದು, ಎರಡು ಕಡೆಯೂ ಉಬ್ಬಿ, ಅದನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು.

ಮೂವರೂ ಕುಳಿಯ ಸುತ್ತ ಮಂಡಿಯೂರಿದರು. ಕಿತ್ತಳೆ ಟೋಪಿಗಳು ಒಂದಕ್ಕೊಂದು ತಾಗಿದವು.

"ಇದನ್ನ ಯಾರೂ ಹೂಳೋಕಾಗಲ್ಲ" ಅಂದ ಕ್ಲೆಮ್, ಪಿಸುಗುಟ್ಟಿದ ಹಾಗೆ.

"ಆಗಲ್ಲ" ಅಂದ ಆರಿನ್. "ಬರ್ನಿ, ಇದು ನಿಂದು ಕಣೇ. ನಿನ್ನದೇ."

ಆರಿನ್ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೇರು ಕತ್ತರಿಸುವ ಕತ್ತರಿಯನ್ನು ತೆಗೆದು ಕ್ಲೆಮ್‌ಗೆ ಕೊಟ್ಟ. ಕ್ಲೆಮ್ ಅದನ್ನು ಬರ್ನಿಸಳಿಗೆ ಕೊಟ್ಟ. ಯಾರ ಯಂತ್ರ ಕೂಗಿತೋ ಅವರದೇ ಕುಳಿ. ಅವಳು ಬೇರನ್ನು ಬಕಲ್ಲಿನ ಆಚೆ ಒಂದು ಕಡೆ, ಈಚೆ ಒಂದು ಕಡೆ ಕತ್ತರಿಸಿದಳು. ಬಕಲ್ ಕೈಗೆ ಬಂತು, ನಡುವೆ ಬೇರಿನ ತುಂಡಿನ ಸಮೇತ.

"ಕುಣಿ ಬರ್ನಿ!"

ಏಳಲು ನೋಡಿದಳು. ಆಗಲಿಲ್ಲ. ಆ ಬಕಲನ್ನು ಎದೆಗೊತ್ತಿಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕೂತು ಗೊಳೋ ಅಂತ ಅತ್ತಳು, ಅಳುತ್ತಲೇ ನಕ್ಕಳು.

"ನೇಮ ನೇಮವೇ. ಕುಣೀಲೇಬೇಕು" ಅಂದ ಆರಿನ್.

"ಅವಳ ಕೈಲಾಗಲ್ಲ ಕಣೋ. ಬಾ" ಅಂದ ಕ್ಲೆಮ್, ಕೈ ಚಾಚಿ.

ಆ ಹೊಲದಂಚಿನಲ್ಲಿ, ಒಬ್ಬನಿಗೆ ಮಂಡಿ ಸರಿಯಿಲ್ಲ, ಇನ್ನೊಬ್ಬನಿಗೆ ಸೊಂಟ ಸರಿಯಿಲ್ಲ, ಇಬ್ಬರು ಮುದುಕರು ಮೊಣಕೈಗೆ ಮೊಣಕೈ ಕೊಂಡಿ ಹಾಕಿ ಕುಳಿಯ ಸುತ್ತ ಕುಣಿದರು. ಎರಡನೇ ಸುತ್ತಿಗೆ ಕ್ಲೆಮ್ ಉಸಿರು ಸಿಕ್ಕದೆ, "ಆ ಬೆಳ್ಳಿ ನಾಣ್ಯ ನಂದೇ ಆಗಿತ್ತು ಕಣೋ" ಅಂದ. "ಹೌದು ಮಾರಾಯ, ನಿಂದೇ" ಅಂದ ಆರಿನ್. ಅಷ್ಟಕ್ಕೆ ಮುಗಿಯಿತು. ಆಮೇಲೆ ಮೂವರೂ ಸೇರಿ ಕುಳಿ ಮುಚ್ಚಿ, ಗಿಡದ ಬುಡಕ್ಕೆ ಮಣ್ಣು ತುಳಿದು ಕೂರಿಸಿದರು. ಬಟನ್ ಮತ್ತು ನಾಣ್ಯ ಅವರವರ ಜೇಬು ಸೇರಿದವು.

ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಒಂದೇ ಗಲಾಟೆ. ಐದು ವರ್ಷದ ಮಾತು ಬಾಕಿ ಇತ್ತಲ್ಲ! "ಇಬ್ರೂ ಬಾಯ್ಮುಚ್ಚಿ, ಇಲ್ಲಾಂದ್ರೆ ಇಲ್ಲೇ ಇಳಿಸಿಬಿಡ್ತೀನಿ" ಅಂತ ಬರ್ನಿಸ್ ಸುಳ್ಳುಸುಳ್ಳೇ ಗದರಿದಳು. ಯಾರೂ ಕೇಳಲಿಲ್ಲ. ಅವಳೂ ಕನ್ನಡಿ ನೋಡಲಿಲ್ಲ.

ರಾತ್ರಿ ಚರ್ಚಿನಲ್ಲಿ ಕಾಕಂಬಿ ಹಾಕಿ ಬೇಯಿಸಿದ ಕಾಳಿನ ತಟ್ಟೆಯ ಪಕ್ಕದಲ್ಲೇ, ಬಿಳಿ ಮೇಜುಬಟ್ಟೆಯ ಮೇಲೆ, ಮಣ್ಣು ಮೆತ್ತಿದ ಬಕಲ್ ಕೂತಿತ್ತು. ಪಾದ್ರಿಯ ಹೆಂಡತಿ ಬಂದು ಮೂಗು ಮುರಿದಳು.

"ಬರ್ನಿಸ್, ಇದನ್ನ ಸ್ವಲ್ಪ ತೊಳೀಬಾರ್ದಾ? ಆ ಬೇರಿನ ಚೂರಾದ್ರೂ ಕಿತ್ತು ಬಿಸಾಡಿ. ನನ್ಹತ್ರ ಚಾಕು ಇದೆ, ಕೊಡಿ."

"ಆ ಬೇರಿಗೆ ಕೈ ಹಚ್ಚಿ ನೋಡಿ, ಚರ್ಚು ಅಂತಾನೂ ನೋಡಲ್ಲ ನಾನು" ಅಂದಳು ಬರ್ನಿಸ್.

"ಸರಿ, ಬಿಡಿ. ನಿಮ್ಮ ಯಂತ್ರ ಎಲ್ಲಿ? ಕೊಡ್ತೀನಿ ಅಂದಿದ್ರಲ್ಲ."

ಬರ್ನಿಸ್ ಒಂದು ಚಮಚ ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಯಾವ ಯಂತ್ರ? ಒಂದು ಜೊತೆ ಬೂಟಿಗೆ ಬಕಲ್ ಎರಡಿರುತ್ತೆ ಕಣ್ರೀ. ಇನ್ನೊಂದು ಸಿಗಬೇಕಲ್ಲ!"