ಕೇಳದೇ ಬಂದ ನೀರು

ಬ್ಯಾರಿ ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ಬೆಳ್ತಂಗಡಿಯ ಒಂದು ಶಾಲೆಗೆ ದುಭಾಷಿಯಾಗಿ ಕರೆದಿದ್ದರು. ವಿಶೇಷ ಮಕ್ಕಳ ಟೀಚರ್ ಘಟ್ಟದ ಮೇಲಿನವರು, ಬ್ಯಾರಿ ತಿಳಿಯದು. ಅವರ ತರಗತಿಯ ಹುಡುಗಿ ಆಯಿಶಾಳ ತಾಯಿಗೆ ಕನ್ನಡ ಬಾರದು. ಆಯಿಶಾ ಗೋಡೆಗೆ ಮುಖಮಾಡಿ ಕೂತಿದ್ದಳು.

"ಇವಳಿಗೆ ಮಾತೇ ಅರ್ಥ ಆಗಲ್ಲ," ಎಂದರು ಟೀಚರ್. "ಮೇಜಿನ ಮೇಲಿರೋ ನೀರಿನ ಬಾಟಲಿ ತಗೊಂಡು ಬಾ ಅಂದ್ರೆ ಸುಮ್ನೆ ಕೂತಿರ್ತಾಳೆ. ವರದಿಯಲ್ಲಿ ಹಾಗೇ ಬರೀತೀನಿ."

ಅದನ್ನೇ ನಾನು ತಾಯಿಗೆ ಬ್ಯಾರಿಯಲ್ಲಿ ಹೇಳತೊಡಗಿದೆ. ಬಾಟಲಿಯ ಮಾತು ಬಂದದ್ದೇ ಆಯಿಶಾ ಎದ್ದಳು, ಮೇಜಿನಿಂದ ಬಾಟಲಿ ತಂದು ನನ್ನ ಕೈಗೆ ಕೊಟ್ಟಳು. ತಾಯಿಗೆ ಆಶ್ಚರ್ಯವೇ ಆಗಲಿಲ್ಲ.

ಟೀಚರ್ ಪೆನ್ನು ಕೆಳಗಿಟ್ಟರು. "ಅವಳಿಗೆ ಏನ್ ಹೇಳಿದ್ರಿ?"

"ಅವಳಿಗೆ ಏನೂ ಹೇಳಲಿಲ್ಲ ಮಾರಾಯ್ರೆ. ನೀವು ಹೇಳಿದ್ದನ್ನೇ ಅವಳ ಉಮ್ಮನಿಗೆ ಹೇಳಿದ್ದು."

ಗೋಡೆ ಬಿಟ್ಟು ಆಯಿಶಾ ಈಗ ನನ್ನನ್ನೇ ನೋಡುತ್ತಿದ್ದಳು. ಬಾಯಾರಿಕೆ ಇರಲಿಲ್ಲ, ಆದರೂ ಪೂರ್ತಿ ಕುಡಿದೆ.