ಎಲ್ಲರ ತವರು ಕೇಳಿದವಳು

ಕಳೆದ ತಿಂಗಳ ಎರಡನೆಯ ಶುಕ್ರವಾರ ಬೆಳಗ್ಗೆ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ನನ್ನ ತಾಯಿ ತೀರಿಕೊಂಡಳು. ಅಂದೇ ಸಂಜೆ ಮಸ್ಕಿಯಲ್ಲಿ ಮಣ್ಣು ಮಾಡಿದೆವು. ಅವಳ ಬಲ ಹೆಬ್ಬೆರಳ ಬುಡದಲ್ಲಿ ಗಾಜು ಕೊರೆದ ಗೆರೆಗಳು ಒಂದರ ಮೇಲೊಂದು ಬಿದ್ದು, ಚರ್ಮ ಒಣಗಿದ ಹುಣಸೆ ಸಿಪ್ಪೆಯಂತಾಗಿತ್ತು. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷಕ್ಕೂ ಮೇಲೆ ಬಳೆ ಅಂಗಡಿ ನಡೆಸಿದವಳ ಕೈಯಲ್ಲಿ ಬಳೆ ಇರಲಿಲ್ಲ. ನನ್ನ ತಂದೆ ತೀರಿಕೊಂಡ ದಿನ ತೆಗೆದದ್ದು, ಮತ್ತೆ ಏರಲಿಲ್ಲ.

ನಾನು ಸಿಂಧನೂರಿನಲ್ಲಿ ಪತ್ರಿಕಾ ವರದಿಗಾರ್ತಿ. ನಿಧನ ವಾರ್ತೆ ಬರೆಯುವುದು ನನಗೆ ಹೊಸದಲ್ಲ. ಹೆಸರು, ವಯಸ್ಸು, ಊರು, ಮಣ್ಣು ಮಾಡಿದ ಹೊತ್ತು. ಅಮ್ಮನದನ್ನೂ ನಾಲ್ಕೇ ಸಾಲಿನಲ್ಲಿ ಬರೆದುಕೊಟ್ಟೆ. 'ಮೃತರಿಗೆ ಪುತ್ರಿ, ಮೊಮ್ಮಗಳು ಇದ್ದಾರೆ' ಎಂಬುದು ಕೊನೆಯ ಸಾಲು. ಅದರಲ್ಲಿ ನಾನು ಮೊದಲು, ನನ್ನ ಮಗಳು ಆಮೇಲೆ. ಅಮ್ಮನಿಗೆ ಅದು ಉಲ್ಟಾ ಇತ್ತು.

ನಮ್ಮದು ಮನೆಯೊಳಗೆ ದಖನಿ ಉರ್ದು ಆಡುವ ಮುಸ್ಲಿಂ ಕುಟುಂಬ. ಕನ್ನಡ ಅಮ್ಮನಿಗೆ ಅಂಗಡಿಯ ಮಾತು. ಈ ಗಡಿಯನ್ನು ಅವಳು ಎಂದೂ ದಾಟಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು 'ಚುಪ್ ಬೈಠ್', 'ಜಾ, ಪಡ್' ಅಂದರೆ ಸುಮ್ಮನೆ ಕೂಡು, ಹೋಗಿ ಓದು, ಇಷ್ಟೇ. ಉದ್ದನೆಯ ಮಾತೆಲ್ಲ ಕನ್ನಡದಲ್ಲಿ, ಗಿರಾಕಿಗಳಿಗೆ.

ಬಳೆ ಇಡುವಾಗ ಅವಳು ಗಿರಾಕಿಯ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಐದೂ ಬೆರಳು ಕೂಡಿಸಿ ಹಿಡಿದು, ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತುತ್ತ, "ಯಾವೂರವ್ವಾ ನಿಂದು?" ಎಂದು ಶುರುಮಾಡುವಳು. "ತವರಮನಿ?" "ಅಲ್ಲಿ ಯಾರ ಪೈಕಿ?" ಹೆಂಗಸು ತವರಿನ ಮಾತಿಗೆ ಇಳಿಯುತ್ತಿದ್ದಂತೆ ಗೆಣ್ಣುಗಳು ಸಡಿಲಾಗಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಬಳಗಾನೂರಿನ ಕಡೆಯಿಂದ ಭತ್ತದ ನಾಟಿ ಮುಗಿಸಿ ಬಂದವರ ಕೈಗಳು ಕೆಸರಿನಲ್ಲಿ ನೆನೆದು ಊದಿರುತ್ತಿದ್ದವು. ಅವಕ್ಕೂ ನೋವಾಗುತ್ತಿರಲಿಲ್ಲ. ಸಾಬೂನು ಹಚ್ಚಿ ಬಳೆ ಏರಿಸುವವರನ್ನು ಕಂಡರೆ ಅವಳಿಗೆ ನಗು. "ತವರಮನಿ ನೆನಸಿದ್ರ ಕೈ ತಾನ ಮೆತ್ತಗಾಗ್ತೈತಿ, ಸೋಪ್ ಯಾತಕ?" ಎನ್ನುತ್ತಿದ್ದಳು.

ಅಂಗಡಿಯ ಹಿಂಬದಿಯಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತು ನಾನು ಪಾಠ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅರ್ಧ ನಿಜ. ಆ ಹೆಂಗಸರನ್ನು ನೋಡುತ್ತಿದ್ದೆ. ಗುರುತಿಲ್ಲದ ಹೆಂಗಸಿನ ಅತ್ತೆಯ ಕಾಟ, ತಮ್ಮನ ಮದುವೆ, ಕರು ಹಾಕಿದ ಎಮ್ಮೆ ಎಲ್ಲವನ್ನೂ ಅಮ್ಮ ಕೇಳಿ ತಿಳಿದುಕೊಳ್ಳುವಳು. ನಾನು ಎಷ್ಟನೆಯ ತರಗತಿ ಎಂಬುದು ಅವಳಿಗೆ ಎರಡು ಸಲ ತಪ್ಪಿತ್ತು. ನನ್ನ ಕೈಗೆ ಸಿಗುತ್ತಿದ್ದವು ಜೋಡಿ ತಪ್ಪಿ ಉಳಿದ ಬಳೆಗಳು. ಅವನ್ನು ಅಂಗಡಿ ಮುಚ್ಚುವಾಗ ನನ್ನ ಮುಂದೆ ಇಟ್ಟು ಹೋಗುವಳು. ನಾನೇ ಏರಿಸಿಕೊಳ್ಳಬೇಕು. ಒಮ್ಮೆ ಗಾಜು ಮುರಿದು ರಕ್ತ ಬಂದಾಗ, "ನಿನ್ನ ಕೈಯೇ ಬಿರುಸು" ಎಂದು ದಖನಿಯಲ್ಲಿ ಗದರಿದಳು.

ಅವಳು ಒಂದು ಸಲ ನನ್ನನ್ನು ಎದುರಿಗೆ ಕೂಡಿಸಿಕೊಂಡು, ಆ ಹೆಂಗಸರಿಗೆ ಇಟ್ಟಂತೆ ಬಳೆ ಇಡಬೇಕು ಎಂಬುದು ನನ್ನ ಆಸೆಯಾಗಿತ್ತು. ಅಂಥ ಅವಕಾಶ ಬಂದದ್ದು ನನಗೆ ಏಳು ತಿಂಗಳು ತುಂಬಿದಾಗ. ಬಸುರಿಗೆ ತವರಿನವರು ಬಳೆ ಇಡಿಸುವುದು ನಮ್ಮಲ್ಲೂ ಉಂಟು. ಹಸಿರು ಬಳೆಗಳನ್ನು ಅಮ್ಮನೇ ಆರಿಸಿ ತಂದಳು. ಇಡಲು ಮಾತ್ರ ಸಿಂಧನೂರಿನಿಂದ ಇನ್ನೊಬ್ಬ ಬಳೆಗಾರ್ತಿಯನ್ನು ಕರೆಸಿದಳು.

"ಮೇರೆ ಹಾತ್ ಸೇ ನಕ್ಕೋ ಬೇಟಾ," ಎಂದಳು. ನನ್ನ ಕೈಯಿಂದ ಬೇಡ ಮಗಳೇ.

ಗಂಡ ಇಲ್ಲದ ತನ್ನ ಕೈ ಮಗಳಿಗೆ ಒಳ್ಳೆಯದಲ್ಲ ಎಂದು ಅವಳ ಭಯ. ಊರ ಹೆಂಗಸರಿಗೆಲ್ಲ ಆಗುವ ಕೈ ನನಗೊಬ್ಬಳಿಗೆ ಆಗುವುದಿಲ್ಲವೇ ಎಂದು ಕೇಳಿದೆ. ಅವಳು ಬಂದಾಕೆಗೆ ಚಹಾ ಮಾಡಲು ಒಳಗೆ ಹೋದಳು. ಆ ಬಳೆಗಾರ್ತಿ ಕೈಗೆ ಸಾಬೂನು ಹಚ್ಚಿದಳು.

ಹುಟ್ಟಿದ್ದು ಹೆಣ್ಣು ಮಗು. ನನಗೆ ಕೆಲಸವಿತ್ತು, ಮಗಳು ಮಸ್ಕಿಯಲ್ಲಿ ನಾನಿಯ, ಅಂದರೆ ನನ್ನ ಅಮ್ಮನ, ಹತ್ತಿರ ಬೆಳೆದಳು. ನಾನು ಭಾನುವಾರ ಹೋಗಿ ಬರುತ್ತಿದ್ದೆ. ಮಗುವಿನ ಜೊತೆ ಅಮ್ಮ ದಖನಿಯಲ್ಲಿ ಎಷ್ಟು ಮಾತಾಡುತ್ತಿದ್ದಳೆಂದರೆ, ಅವಳಿಗೆ ಆ ಭಾಷೆಯಲ್ಲಿ ಅಷ್ಟು ಮಾತು ಗೊತ್ತಿದೆ ಎಂಬುದೇ ನನಗೆ ಹೊಸ ಸಂಗತಿ.

ಮಗಳಿಗೆ ಏಳು ವರ್ಷವಿದ್ದಾಗಿನ ಒಂದು ಭಾನುವಾರ ನೆನಪಿದೆ. ಹಬ್ಬದ ಮುಂಚಿನ ವಾರ. ಅಂಗಡಿಯ ಮುಂದೆ ಹೆಂಗಸರು ನಿಂತೇ ಇದ್ದರು. ಅಮ್ಮ ಮೊಮ್ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಬ್ಬರಿ ಎಣ್ಣೆ ಸವರಿ, ಕೆಂಪು ಬಳೆಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಒಂದು ಇಟ್ಟು, ಬೆಳಕಿಗೆ ತಿರುಗಿಸಿ ನೋಡಿ, ಬಣ್ಣ ಸರಿಬರಲಿಲ್ಲವೆಂದು ತೆಗೆದು, ಮತ್ತೊಂದು.

"ಏ ಅಜ್ಜಿ, ಮೊಮ್ಮಗಳ ಸಿಂಗಾರ ಮುಗಿಯೂತನಕ ನಾವು ಕಂಬ ಆಗಿ ನಿಂದ್ರಬೇಕೇನು? ನಮ್ಮ ಬಸ್ಸು ಹೊಂಡಾಕತ್ತೈತಿ!" ಒಬ್ಬಳು ಕೂಗಿದಳು.

"ಹೋಗ್ಲಿ ಬಿಡವ್ವಾ, ಇನ್ನೊಂದು ಬರ್ತೈತಿ," ಅಮ್ಮ ತಲೆ ಎತ್ತಲಿಲ್ಲ. "ಬಸ್ಸು ದಿನಾ ಬರ್ತೈತಿ. ಇಷ್ಟು ಸಣ್ಣ ಕೈ ಮತ್ತ ಬರ್ತೈತೇನು?"

"ನನ್ನ ಕೈನೂ ಒಂದಿನ ಸಣ್ಣದಿತ್ತು," ಎಂದೆ. ಕನ್ನಡದಲ್ಲೇ ಎಂದೆ, ಎಲ್ಲರಿಗೂ ಕೇಳುವಂತೆ.

ಗಿರಾಕಿಗಳು ಗೊಳ್ಳೆಂದರು. "ನೋಡ್ರೆವ್ವಾ, ಹಡದ ಮಗಳ ಮ್ಯಾಲೇ ಹೊಟ್ಟಿಕಿಚ್ಚು ಇಕಿಗಿ! ಇಡು ಅಜ್ಜಿ, ಇಕಿಗೂ ನಾಕು ಇಡು, ಇಲ್ಲಾಂದ್ರ ಪೇಪರಿನ್ಯಾಗ ಬರದಾಳು!"

ಅಮ್ಮ ನಗಲಿಲ್ಲ. ನನ್ನ ಕೈಯ ಕಡೆ ಒಂದು ಸಲ ನೋಡಿ, ಮುಂದಿನ ಬಳೆ ಎತ್ತಿಕೊಂಡಳು. ಇಟ್ಟದ್ದು ಮಗುವಿಗೆ.

ಆ ವರ್ಷವೇ ಮಗಳನ್ನು ಸಿಂಧನೂರಿಗೆ ಕರೆತಂದೆ. ಒಳ್ಳೆಯ ಶಾಲೆ ಎಂದು ಕಾರಣ ಹೇಳಿದೆ. ಶಾಲೆ ಒಳ್ಳೆಯದೇ ಇತ್ತು, ಕಾರಣ ಅದಲ್ಲ. ಅಮ್ಮ ಎದುರಾಡಲಿಲ್ಲ. ಪ್ರತಿ ಭಾನುವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿ ಬಂದಳು. ಬಂದವಳು ಬಾಗಿಲಲ್ಲಿ ನನ್ನನ್ನು ದಾಟಿ ನೇರ ಮಗುವಿನ ಹತ್ತಿರ ಹೋಗುವಳು. ನಾನು ಹೆಚ್ಚಿನ ಭಾನುವಾರ ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ ಹೋಗುತ್ತಿದ್ದೆ.

ಹನ್ನೆರಡು ವರ್ಷ ಹೀಗೇ ನಡೆಯಿತು. ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ರಜೆಯಲ್ಲಿ ಮಸ್ಕಿಗೆ ಹೋಗಿ ನಾನಿಯ ಪಕ್ಕ ಕೂತು ಬಳೆ ಇಡುವುದನ್ನೂ ಕಲಿತಳು.

ಅಮ್ಮನಿಗೆ ಲಕ್ವ ಹೊಡೆದು ಲಿಂಗಸುಗೂರಿಗೆ ಸೇರಿಸಿದಾಗ ಮಗಳು ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಅಮ್ಮನ ಎಡಗೈ ಬಿದ್ದಿತ್ತು. ಮಾತು ತೊದಲುತ್ತಿತ್ತು, ಆಡಿದ್ದೆಲ್ಲ ಮೊಮ್ಮಗಳ ಜೊತೆ. ಗುರುವಾರ ಮಧ್ಯಾಹ್ನ ಮಗಳು ಚಹಾ ತರಲು ಕೆಳಗೆ ಹೋದಳು. ನಾನು ಮಂಚದ ಅಂಚಿಗೆ ಕೈ ಇಟ್ಟು ಕೂತಿದ್ದೆ. ಅಮ್ಮ ಕಣ್ಣು ತೆರೆದಳು. ಬಲಗೈಯಿಂದ ನನ್ನ ಐದೂ ಬೆರಳು ಕೂಡಿಸಿ ಹಿಡಿದು, ಹೆಬ್ಬೆರಳ ಬುಡ ಒತ್ತತೊಡಗಿದಳು.

"ಯಾವೂರವ್ವಾ ನಿಂದು?"

ಕನ್ನಡದಲ್ಲಿ ಕೇಳಿದಳು. ನನ್ನ ಗುರುತು ಹತ್ತಿಲ್ಲ ಎಂದು ತಿಳಿಯಿತು. ಅಮ್ಮಾ, ನಾನು ಎಂದಿದ್ದರೆ ಬಹುಶಃ ಹತ್ತುತ್ತಿತ್ತು. ಕೈ ಬಿಟ್ಟುಬಿಡುತ್ತಿದ್ದಳು.

"ಬಳಗಾನೂರು," ಎಂದೆ, ಗಿರಾಕಿಯೊಬ್ಬಳಂತೆ.

"ತವರಮನಿ?"

"ಮಸ್ಕಿ."

"ಮಸ್ಕ್ಯಾಗ ಯಾರ ಪೈಕಿ?"

"ಬಳಿ ಅಂಗಡಿಯವರ ಪೈಕಿ."

ಅವಳ ಹೆಬ್ಬೆರಳು ನಿಂತಿತು. "ಹಂಗಾರ ನನ್ನ ಕಡಿ ಯಾಕ ಬಂದಿ? ನಿಮ್ಮವ್ವ ಇಡಲಿಲ್ಲೇನು?"

"ಇಲ್ಲ. ಅಕಿಗಿ ಪುರಸತ್ತಿದ್ದಿಲ್ಲ."

"ಇರ್ಲಿ ಬಿಡವ್ವಾ. ಕೈ ಸಡ್ಲ ಬಿಡು."

ಸಡಿಲ ಬಿಟ್ಟೆ. ಇಲ್ಲದ ಬಳೆಗಳನ್ನು ಅವಳು ನನ್ನ ಗೆಣ್ಣು ದಾಟಿಸಿ ಮಣಿಕಟ್ಟಿಗೆ ತಂದಳು. ಒಂದಾದ ಮೇಲೆ ಒಂದು, ಮುಖವನ್ನೇ ನೋಡುತ್ತ. ನೋವಾಗಲಿಲ್ಲ. ಆರನೆಯದು ಅರ್ಧಕ್ಕೆ ಬಂದಾಗ ಕಣ್ಣು ಮುಚ್ಚಿದಳು. ಮಗಳು ಚಹಾ ಹಿಡಿದು ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಆಮೇಲೆ ಅಮ್ಮ ಮತ್ತೆ ಮಾತಾಡಲಿಲ್ಲ.

ತಾನು ಕೆಳಗೆ ಹೋದಾಗ ನಾನಿ ಏನಾದರೂ ಅಂದಳೇ ಎಂದು ಮಗಳು ಕೇಳುತ್ತಾಳೆ. ಮಣ್ಣು ಮಾಡಿದ ದಿನ ಕೇಳಿದಳು. ಹತ್ತನೆಯ ದಿನ ಕೇಳಿದಳು. ನಿನ್ನೆ ಮತ್ತೆ ಕೇಳಿದಳು. ಮೂರೂ ಸಲ, ಇಲ್ಲ, ಮಲಗಿದ್ದಳು ಎಂದು ಹೇಳಿದ್ದೇನೆ.