ಆಯಿ ಸೋಸಿದ ಸಮುದ್ರ

೧೯೮೮ರಲ್ಲಿ, ಏಳನೇ ಇಯತ್ತೆ ಮುಗಿಯುವ ಮೊದಲೇ, ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೊಣ್ಣೂರಿನಿಂದ ಗೋಕಾಕಕ್ಕೆ ಬಂದು ಗಾಜಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತೆ. ಕಿಟಕಿ, ಕಪಾಟು, ಫೋಟೋ ಕಟ್ಟು. ಗೆರೆ ಎಳೆದರೆ ಗಾಜು ನಾನು ಹೇಳಿದಲ್ಲೇ ಮುರಿಯಬೇಕು, ಮುರಿಯುತ್ತಿತ್ತು. ಎಂಟು ವರ್ಷದ ಮೇಲೆ ಸ್ವಂತ ಅಂಗಡಿ ಹಾಕಿದೆ. ಐದು ಗಾಜು ಸೇರಿಸಿ ಅಂಟಿಸಿದರೆ ಮೀನಿನ ಪೆಟ್ಟಿಗೆ. ನನ್ನ ಕೈಯಿಂದ ಹೋದ ಪೆಟ್ಟಿಗೆ ಇವತ್ತಿನವರೆಗೆ ಒಂದೂ ಸೋರಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

೧೯೯೮ರಲ್ಲಿ ಹುಕ್ಕೇರಿಯ ಜವಳಿ ಸಾವಕಾರರೊಬ್ಬರು ಅಂಗಡಿಗೆ ಬಂದರು. ಜೈನರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಮುಂಬೈಯಲ್ಲಿ ಯಾರದೋ ಮನೆಯಲ್ಲಿ ಉಪ್ಪುನೀರಿನ ಮೀನು ನೋಡಿ ಮರುಳಾಗಿ ಬಂದಿದ್ದರು. ನಾಲ್ಕು ಫೂಟಿನ ಪೆಟ್ಟಿಗೆ ಕಟ್ಟಿಕೊಟ್ಟೆ. ಆರು ತಿಂಗಳು ಚೆನ್ನಾಗಿ ನಡೆಯಿತು. ಬೇಸಿಗೆಯಲ್ಲಿ ಒಮ್ಮೆ ಕರೆಂಟು ಹೋದದ್ದು ಎರಡು ದಿನ ಬರಲಿಲ್ಲ. ಗಾಳಿ ಊದುವ ಯಂತ್ರ ನಿಂತಿತು. ಮೀನು ಸತ್ತವು, ಕಲ್ಲಿನ ಮೇಲೆ ಇದ್ದ ಜೀವವೆಲ್ಲ ಸತ್ತಿತು. ಓಣಿಯ ತುಂಬ ನಾತ.

ಮತ್ತೆ ಶುರು ಮಾಡೋಣ ಎಂದು ಸಾವಕಾರರು ನನ್ನನ್ನು ಕರೆಸಿದರು. ಆದರೆ ಪಡಸಾಲೆಯಲ್ಲಿ ಅವರ ತಾಯಿ ಕೂತಿದ್ದರು. ಬಿಳಿ ಸೀರೆ, ಎಪ್ಪತ್ತು ದಾಟಿದ ವಯಸ್ಸು. ಮನೆಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಈ ಸರ್ತಿ ಒಂದ್ ಜೀವಾ ಸತ್ರೂ ನಿನ್ನ ಪೇಟಿ ಈ ಮನಿಯಾಗ ಇರಂಗಿಲ್ಲ, ತಿಳೀತಿಲ್ಲೊ?" ಎಂದರು.

"ತಿಳೀತ್ರಿ ಆಯಿ," ಎಂದೆ. ಚೆನ್ನಾಗಿಯೇ ತಿಳಿದಿತ್ತು. ಇಡೀ ಸೀಮೆಯಲ್ಲಿ ಅದೊಂದೇ ಉಪ್ಪುನೀರಿನ ಪೆಟ್ಟಿಗೆ. ಮೂಡಲಗಿಯ ಹಲ್ಲಿನ ಡಾಕ್ಟರರು, ಕೊಣ್ಣೂರಿನ ಒಬ್ಬ ರೈತರು, ಇಬ್ಬರೂ ಇದು ನಿಲ್ಲುತ್ತದೋ ಇಲ್ಲವೋ ನೋಡಿ ಆಮೇಲೆ ಹೇಳುತ್ತೇವೆ ಎಂದು ಕಾಯುತ್ತಿದ್ದರು. ಇದು ಬಿದ್ದರೆ ನನ್ನ ಹೆಸರೂ ಬಿತ್ತು.

ಉಪ್ಪುನೀರಿನ ಪೆಟ್ಟಿಗೆಗೆ ಮೀನಿಗಿಂತ ಮೊದಲು ಕಲ್ಲು ಬೇಕು. ಸಮುದ್ರದ ತಳದಲ್ಲಿ ಬಿದ್ದು ತೂತು ತೂತಾದ ಕಲ್ಲು. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳಿದ್ದು ಮೀನಿನ ಹೊಲಸನ್ನು ತಿಂದು ನೀರನ್ನು ಶುದ್ಧ ಇಡುತ್ತವೆ. ಅದಕ್ಕೇ ಅದನ್ನು ಲೈವ್ ರಾಕ್ ಎನ್ನುತ್ತಾರೆ. ಹಳೆಯ ಕಲ್ಲನ್ನು ತಿಕ್ಕಿ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ, ಅದು ಅಡಿಪಾಯಕ್ಕೆ. ಹೊಸ ಕಲ್ಲು ಮುಂಬೈಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ, ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಬಂತು. ಕೊಂಕಣದ ಕಡೆಯ ಕಲ್ಲು ಎಂದು ಮಾರಿದವನು ಹೇಳಿದ್ದ. ದಾರಿಯಲ್ಲಿ ಅದರ ಮೇಲಿನ ಅರ್ಧ ಜೀವ ಸತ್ತು ಕೊಳೆತಿರುತ್ತದೆ. ಆ ಕೊಳೆ ತೆಗೆಯದೆ ಪೆಟ್ಟಿಗೆಗೆ ಇಟ್ಟರೆ ಮೀನೂ ಸಾಯುತ್ತವೆ. ಜೊತೆಗೆ ತೂತಿನೊಳಗೆ ಮೀನು ಹಿಡಿಯುವ ಏಡಿಗಳು ಅಡಗಿರುತ್ತವೆ. "ಕಡು ಉಪ್ಪಿನ ನೀರಾಗ ಅದ್ದು, ಎಲ್ಲಾ ಹೊರಗ ಬಿದ್ದು ಸಾಯ್ತಾವ," ಎಂದು ಮುಂಬೈಯವನು ಫೋನಿನಲ್ಲಿ ಸುಲಭದ ದಾರಿ ಹೇಳಿದ.

ಆ ಮನೆಯಲ್ಲಿ ಆ ದಾರಿಗೆ ಬಾಗಿಲೇ ಇಲ್ಲ. ಹಿತ್ತಲ ಪಡಸಾಲೆಯ ಕತ್ತಲೆ ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬು ಇಟ್ಟು, ಉಪ್ಪುನೀರು ಕಲಸಿ, ಹೊಸ ಕಲ್ಲನ್ನು ಅದರಲ್ಲಿ ಇಳಿಸಿ, ಲಾರಿಯ ಬ್ಯಾಟರಿಯಿಂದ ಇನ್ವರ್ಟರ್ ಜೋಡಿಸಿ ಗಾಳಿ ಬಿಟ್ಟೆ. ದಿನ ಬಿಟ್ಟು ದಿನ ಗೋಕಾಕದಿಂದ ಹುಕ್ಕೇರಿಗೆ ಬಸ್ಸು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನದು ಪ್ರತಿ ಸಲ ಇದೇ ಮಾತು.

"ಏನಪಾ, ಇವತ್ತೂ ಕಲ್ಲ ತೊಳಿಯಾಕ ಹೊಂಟೀಯೇನು? ನಮ್ಮ ಹೊಳಿಯಾಗ ಕಲ್ಲ ಕಡಿಮಿ ಬಿದ್ವೇನು?"

"ನಿನ್ನ ಕಪ್ಪು ಬಸಿ ತೊಳಿ ಮೊದ್ಲ, ಆಮ್ಯಾಲ ನನ್ನ ಕಲ್ಲಿನ ಮಾತಾಡು."

ಹಳೆಯ ಹಲ್ಲಿನ ಬ್ರಷ್ಷಿನಿಂದ ಬಿಳಿ ಲೋಳೆಯನ್ನು ಉಜ್ಜಿ ತೆಗೆಯುವುದು ಕೆಲಸ. ಆಯಿ ಮಣೆ ಹಾಕಿಕೊಂಡು ಎದುರಿಗೇ ಕೂಡುತ್ತಿದ್ದರು.

"ತಡಿ ತಡಿ. ಅದು ಸತ್ತೈತೇನು?"

"ಸತ್ತೈತ್ರಿ ಆಯಿ."

"ಖಾತ್ರಿ?"

"ಮೂಸಿ ನೋಡ್ರಿ."

ಅವರು ಖರೆನೇ ಬಗ್ಗಿ ಮೂಸಿದರು. ಮುಖ ಕಿವುಚಿ, "ಸತ್ತೈತಿ, ತಿಕ್ಕು," ಎಂದರು. ಅವತ್ತಿನಿಂದ ಪ್ರತಿ ಕಲ್ಲೂ ಅವರ ಮೂಗಿನ ಕೆಳಗೆ ಹಾದೇ ಟಬ್ಬಿಗೆ ಹೋಗಬೇಕಾಯಿತು. ನಾನು ಓದಿದ ಸಾಲಿಯಲ್ಲಿ ಕೂಡ ಇಷ್ಟು ಕಡಕ್ ಪರೀಕ್ಷೆ ಇರಲಿಲ್ಲ.

ಏಡಿ ಹಿಡಿಯಲು ಉಪಾಯ ಮಾಡಿದೆ. ಗಾಜಿನ ಲೋಟವನ್ನು ಕಲ್ಲಿಗೆ ಓರೆಯಾಗಿ ಆನಿಸಿ ಒಳಗೆ ತಿನಿಸು ಇಟ್ಟರೆ ಏಡಿ ಇಳಿಯುತ್ತದೆ, ಜಾರುವ ಗಾಜಿನಲ್ಲಿ ಮೇಲೆ ಹತ್ತಲಾರದು. ಒಣ ಸೀಗಡಿ ಇಡುವುದು ವಾಡಿಕೆ. ಈ ಮನೆಯಲ್ಲಿ ಅದರ ಹೆಸರೆತ್ತುವ ಹಾಗಿಲ್ಲ. ಬಹಳ ಯೋಚನೆ ಮಾಡಿ ಗೋಕಾಕದಿಂದ ಒಂದು ಬಟಾಟೆ ತಂದು ಹೆಚ್ಚಿ ಹಾಕಿದೆ. ನಾನು ಕೈ ತೊಳೆಯುವುದರೊಳಗೆ ಆಯಿಯ ಕೂಗು ಕೇಳಿತು.

"ಬಟಾಟಿ ಯಾರ ತಂದ್ರೋ ಒಳಗ?"

ನೆಲದೊಳಗೆ ಬೆಳೆಯುವ ಗಡ್ಡೆ ಆ ಮನೆಯಲ್ಲಿ ಯಾರೂ ತಿನ್ನುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ನಿಮಗಲ್ರಿ ಆಯಿ, ಏಡಿಗ್ರಿ."

"ಈ ಮನಿಯಾಗ ಇರೂತನಕಾ ಏಡಿನೂ ತಿನ್ನೂಹಂಗಿಲ್ಲ!"

ಸಾವಕಾರರು ಲೆಕ್ಕದ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದರು. ಕೊನೆಗೆ ಆಯಿಯೇ ಸೌತೆಕಾಯಿ ಹೆಚ್ಚಿ ಕೊಟ್ಟರು. ಮುಂದಿನ ಸಲ ಹೋದಾಗ ಲೋಟದಲ್ಲಿ ಕೂದಲುಗಾಲಿನ ಏಡಿಯೊಂದು ಸೌತೆಕಾಯಿ ಅಪ್ಪಿಕೊಂಡು ಕೂತಿತ್ತು. ಆಯಿಯ ಮುಖದ ಮೇಲಿನ ಗೆಲುವನ್ನು ನೋಡಬೇಕಿತ್ತು. ಹದಿನೈದು ದಿನದಲ್ಲಿ ಏಳು ಏಡಿ ಹಿಡಿದು ಬೇರೆ ಬಕೇಟಿನಲ್ಲಿಟ್ಟೆವು.

ಇನ್ನು ನೀರಿನ ಸಂಗತಿ. ಟಬ್ಬಿನ ನೀರನ್ನು ಮೇಲಿಂದ ಮೇಲೆ ಬದಲಿಸಬೇಕು. ಹಳೆಯ ನೀರನ್ನು ಗಟಾರಿಗೆ ಸುರಿಯಲು ಬಕೇಟು ಎತ್ತಿದರೆ ಆಯಿ ಅಡ್ಡ ಬಂದರು. ಅವರ ಮನೆಯಲ್ಲಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮೆಲ್ಲಗೆ ಇಳಿಬಿಡುತ್ತಾರೆ. ನೀರಿನ ಜೀವ ನೀರಿಗೇ ಹೋಗಬೇಕು. ಹಾಗೆಯೇ ಟಬ್ಬಿನ ಹಳೆಯ ನೀರನ್ನೂ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಟಬ್ಬಿಗೇ ಹಾಕಬೇಕೆಂದರು. ಮೊದಲು ನನಗೆ ಬೇಜಾರಾಯಿತು. ಆಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಸಾಸಿವೆಯ ಅರ್ಧದಷ್ಟು ಹುಳಗಳು ಜಿಗಿಯುತ್ತಿದ್ದವು. ಅವೇ ಮುಂದೆ ಮೀನಿಗೆ ಆಹಾರ. ಅಷ್ಟನ್ನೂ ನಾನು ಗಟಾರಿಗೆ ಚೆಲ್ಲುವವನಿದ್ದೆ.

ಮೂರನೇ ವಾರ ಮೂಡಲಗಿಯಲ್ಲಿ ಕೆಲಸ ಬಿದ್ದು ಐದು ದಿನ ಬರಲಾಗಲಿಲ್ಲ. ನೀರು ಬದಲಿಸುವುದನ್ನು ಆಯಿಗೇ ಒಪ್ಪಿಸಿದ್ದೆ. ತಿರುಗಿ ಬಂದಾಗ ಟಬ್ಬಿನಿಂದ ಮತ್ತೆ ಕೊಳೆತ ವಾಸನೆ. ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ತೇಲಿಬಿಟ್ಟೆ. ತೇಲಬೇಕಾದ್ದು ಮುಳುಗಿತು. ನೀರಿನ ಉಪ್ಪು ಇಳಿದುಹೋಗಿತ್ತು.

"ಆಯಿ, ಬಟ್ಟಿ ಹೆಂಗ ತೊಳದ್ರಿ?"

"ಬಾವಿ ನೀರಾಗ. ಸೋಸಿದ್ ನೀರ ಮತ್ತ! ಜೀವಾ ಬಟ್ಟಿಗಿ ಅಂಟಿರ್ತಾವಲ್ಲಾ, ದಿನಾ ಎರಡ್ ಕೊಡಾ ಹಾಕಿ ಜಾಲಿಸಿ ಟಬ್ಬಿಗೇ ಬಿಟ್ಟೆ."

ಸಿಹಿನೀರು ಸಮುದ್ರದ ಜೀವಕ್ಕೆ ವಿಷ ಎಂದು ನಾನು ಹೇಳಿರಲೇ ಇಲ್ಲ. ಈಗ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವರು ಟಬ್ಬಿನ ಮೇಲೆ ಬಗ್ಗಿ ನೋಡಿದರು.

"ಎಷ್ಟ ಸತ್ತಾವು?"

ಒಂದೂ ಇಲ್ಲ ಎನ್ನಬಹುದಿತ್ತು, ಪೆಟ್ಟಿಗೆ ಉಳಿಯುತ್ತಿತ್ತು. ಆದರೆ ಅವರ ಮುಖ ನೋಡಿ ಸುಳ್ಳು ಬರಲಿಲ್ಲ. "ಸತ್ತಾವ್ರಿ ಆಯಿ. ಎಷ್ಟಂತ ನನಗ ತಿಳೀವಲ್ದು."

ಪೆಟ್ಟಿಗೆ ಹೊರಗೆ ಬಿತ್ತೆಂದೇ ತಿಳಿದೆ. ಆಯಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ನನ್ನ ಕೈಲೇ ಆಗೇತಿ. ಇನ್ನ ಪೇಟಿ ಒಯ್ಯಿ ಅನ್ನಾಕ ನನಗ ಬಾಯಿ ಇಲ್ಲ. ಉಳದಾವಲ್ಲಾ, ಅವನ್ನರ ಉಳಸೂಣು. ಉಪ್ಪು ಎಲ್ಲೈತಿ, ಹೇಳು."

ಅವತ್ತು ಸಂಜೆಯವರೆಗೆ ತುಸು ತುಸುವೇ ಉಪ್ಪು ಕಲಸಿ ನೀರನ್ನು ಹದಕ್ಕೆ ತಂದೆವು. ಅಲ್ಲಿಂದ ಮುಂದೆ ಆಯಿ ಕಡ್ಡಿ ತೇಲಿಸದೆ ಒಂದು ತಂಬಿಗೆ ನೀರನ್ನೂ ಹಾಕಲಿಲ್ಲ. ಕಲ್ಲು ಶುದ್ಧವಾಗಲು ಇನ್ನೊಂದು ತಿಂಗಳು ತಗೊಂಡಿತು. ಒಂದು ಮುಂಜಾನೆ ನಾನು ಹೋದಾಗ ಅವರು ಕಲ್ಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೂಸುತ್ತ ಕೂತಿದ್ದರು. "ಬಾ, ನೋಡು. ಮೊದಲ ಮಳಿ ಬಿದ್ದ ಮಣ್ಣಿನಂಗ ಐತಿ." ಮೂಸಿದೆ. ಹಾಗೆಯೇ ಇತ್ತು. ಕಲ್ಲಿನ ಮೇಲೆ ಗುಲಾಬಿ ಬಣ್ಣದ ಪೊರೆ ಹಬ್ಬತೊಡಗಿತ್ತು, ಕಲ್ಲು ಬದುಕಿದ ಗುರುತು.

ಕಲ್ಲು ಪೆಟ್ಟಿಗೆಗೆ ಹೋಯಿತು, ಹಿಂದೆಯೇ ಕಿತ್ತಳೆ ಪಟ್ಟೆಯ ಎರಡು ಮೀನು. ಏಡಿಗಳಿಗೂ ಆಯಿ ತೀರ್ಪು ಕೊಟ್ಟರು. ಎಲ್ಲಿಂದ ಬಂದವೋ ಅಲ್ಲಿಗೇ. ಸಾವಕಾರರ ಗಾಡಿಯಲ್ಲಿ ಆಯಿ, ನಾನು, ಮುಚ್ಚಳಕ್ಕೆ ತೂತು ಹೊಡೆದ ಬಕೇಟು, ಅಂಬೋಲಿ ಘಾಟು ಇಳಿದು ಕೊಂಕಣದ ದಂಡೆಗೆ ಹೋದೆವು. ಅಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

"ಯಾಕೋ?" ಎಂದರು ಆಯಿ.

"ಸಮುದ್ರಾ ನೋಡಿದ್ದಽ ಇಲ್ರಿ ಆಯಿ ನಾ."

"ಅಯ್ಯಽ ಮಾರಾಯಾ! ನೋಡದಽ ನಮ್ಮ ಮನಿಯಾಗ ಮಾಡೀಯೇನು?" ಎಂದು ಅವರು ನಕ್ಕ ನಗೆಗೆ ದಂಡೆಯ ಮೇಲಿದ್ದ ಮೀನುಗಾರರು ತಿರುಗಿ ನೋಡಿದರು. ಏಳೂ ಏಡಿಗಳು ಅಡ್ಡಡ್ಡ ಓಡಿ ನೀರಿಗೆ ಹೋದವು.

ಮೂಡಲಗಿಯ ಡಾಕ್ಟರರು, ಕೊಣ್ಣೂರಿನ ರೈತರು ಬಂದು ನೋಡಿ ತಮಗೂ ಬೇಕೆಂದರು. ಅವರಿಗೆ ಸಮುದ್ರದಿಂದ ಕಲ್ಲು ತರಿಸಲಿಲ್ಲ. ಒಣಗಿದ ಕಲ್ಲಿನ ಮೇಲೆ ಹುಕ್ಕೇರಿಯ ಕಲ್ಲಿನ ಎರಡೆರಡು ತುಂಡು ಇಟ್ಟೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಾಲ್ಕು ತಿಂಗಳಲ್ಲಿ ಒಣಕಲ್ಲಿಗೂ ಜೀವ ಬಂತು.

ಈಗ ಗೋಕಾಕದಲ್ಲಿ ಅಂಗಡಿ ಒಂದು. ಅದರಲ್ಲಿ ಸಿಹಿನೀರಿನ ಪೆಟ್ಟಿಗೆ ಇಪ್ಪತ್ತೆರಡು. ಹೊರಗೆ ನಾನು ನೋಡಿಕೊಳ್ಳುವ ಉಪ್ಪುನೀರಿನ ಪೆಟ್ಟಿಗೆ ಮೂರು. ಅವುಗಳಲ್ಲಿ ಮೀನು ಹನ್ನೊಂದು, ಎಲ್ಲವೂ ಬದುಕಿವೆ.